ಬೆಟ್ಟ ಯಾರ ಸೊತ್ತು?

ಜಪಾನಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ರಜೆಗೆ ಬಂದವಳು ಕ್ಯೋಟೋ ನಗರದ ಚಿತ್ರಗಳನ್ನು ತೋರಿಸಿದಳು. ಬೂದುಬಣ್ಣದ ಹೆಂಚಿನ ಮಾಡುಗಳು, ಹಿಂದೆ ಬೆಟ್ಟದ ಸಾಲು, ನಡುವೆ ಧುತ್ತೆಂದು ಎದ್ದ ಒಂದು ಕಟ್ಟಡ. "ಅದು ದೊಡ್ಡ ಹೋಟೆಲು ಟೀಚರ್. ಮೇಲಿನ ರೂಮಿನಿಂದ ಊರೆಲ್ಲ ಎಷ್ಟು ಚೆನ್ನಾಗಿ ಕಾಣ್ತದೆ ಗೊತ್ತಾ!" ಎಂದಳು. ಮೇಲಿದ್ದವರಿಗೆ ಕಾಣುತ್ತದೆ, ಸರಿ. ಕೆಳಗಿದ್ದವರಿಗೆ?

ಅದು ಕ್ಯೋಟೋ ಹೋಟೆಲ್. 1888ರಷ್ಟು ಹಳೆಯದು. ಕೆಡವಿ ಕಟ್ಟಿದ ಹೊಸ ಕಟ್ಟಡ 1994ರಲ್ಲಿ ಮುಗಿಯಿತು, ಎತ್ತರ 60 ಮೀಟರ್. ಅಲ್ಲಿ ಆಗ ಇದ್ದ ಮಿತಿ 45. ಸುತ್ತ ಜನರ ಓಡಾಟಕ್ಕೆ ಒಂದಿಷ್ಟು ಬಯಲು ಬಿಟ್ಟರೆ ಹೆಚ್ಚು ಎತ್ತರ ಕೊಡಬಹುದೆಂಬ ನಿಯಮವಿತ್ತಂತೆ. ನೆಲದಲ್ಲಿ ನಾಲ್ಕು ಹೆಜ್ಜೆ ಕೊಟ್ಟು ಆಕಾಶವನ್ನು ಬರೆಸಿಕೊಳ್ಳುವ ಈ ವ್ಯಾಪಾರಕ್ಕೆ ಏನನ್ನೋಣ?

ಬೌದ್ಧ ದೇವಾಲಯಗಳು ಸಿಟ್ಟಾದವು. ಆ ಹೋಟೆಲಿನಲ್ಲಿ ಇಳಿದುಕೊಂಡವರಿಗೆ ಪ್ರವೇಶವಿಲ್ಲ ಎಂದು ಕಿಯೋಮಿಝುವಿನಂಥ ಪ್ರಸಿದ್ಧ ದೇವಾಲಯವೇ ಫಲಕ ಹಾಕಿತು. ದೇವಾಲಯದವರೇನು ಸಾಧುಗಳಲ್ಲ, ಬಿಡಿ. 1985ರಲ್ಲಿ ಪ್ರವೇಶದ ಮೇಲೆ ನಗರಾಡಳಿತ ತೆರಿಗೆ ಹಾಕಿದಾಗಲೂ ಬಾಗಿಲು ಮುಚ್ಚಿ ಕೂತವರು ಅವರು. ಆದರೆ ಈ ಜಗಳದಲ್ಲಿ ನಾನು ಅವರ ಕಡೆ.

"ಊರೇನು ವಸ್ತುಸಂಗ್ರಹಾಲಯವೇ? ಜನಕ್ಕೆ ಕೆಲಸ ಬೇಡವೇ?" ಎಂದು ಕೇಳುವವರಿದ್ದಾರೆ. ಬೇಕು. ಹೋಟೆಲು ಬೇಡವೆಂದು ಯಾರು ಹೇಳಿದರು? ನೂರು ವರ್ಷದಿಂದ ಅದು ಅಲ್ಲೇ ಇತ್ತಲ್ಲ! ತಕರಾರು ಎತ್ತರದ್ದು.

ಆ ಊರಿನ ಉತ್ತರಕ್ಕೆ ಎಂತ್ಸುಜಿ ಎಂಬ ದೇವಾಲಯವಿದೆ. ಅದರ ತೋಟದಲ್ಲಿ ಬೇಲಿಯಾಚೆಗಿನ ಹಿಯೆಯ್ ಬೆಟ್ಟವೂ ಒಂದು ಭಾಗ. ಇಂಥ ತೋಟಗಾರಿಕೆಗೆ ಅಲ್ಲಿ 'ಸಾಲ ತಂದ ದೃಶ್ಯ' ಎಂದೇ ಹೆಸರು. ಕಡ ತಂದ ಸೀರೆಯನ್ನು ನಾವು ಎಷ್ಟು ಜೋಪಾನವಾಗಿ ಉಡುತ್ತೇವೆ, ಯೋಚಿಸಿ. ಇನ್ನು ಆಗಸ್ಟ್ 16ರ ರಾತ್ರಿ ಸುತ್ತಲಿನ ಐದು ಬೆಟ್ಟಗಳ ಮೇಲೆ ಬೆಂಕಿ ಹಚ್ಚುತ್ತಾರೆ, ಮನೆಗೆ ಬಂದುಹೋಗುವ ಹಿರಿಯರ ಆತ್ಮಗಳನ್ನು ಬೀಳ್ಕೊಡಲು. ತಾಯಿಯನ್ನು ಕಳೆದುಕೊಂಡ ಮಗಳು ಆ ಬೆಂಕಿಯನ್ನು ತನ್ನ ಮನೆಯ ಮಾಳಿಗೆಯಿಂದ ನೋಡಬೇಕೋ, ಬಾಡಿಗೆ ಕೊಟ್ಟು ಹತ್ತನೆಯ ಮಹಡಿಯಿಂದಲೋ?

2007ರಲ್ಲಿ ನಗರಾಡಳಿತಕ್ಕೆ ಬುದ್ಧಿ ಬಂತು. ನಡುಪೇಟೆಯ ಮಿತಿಯನ್ನು 45ರಿಂದ 31 ಮೀಟರಿಗೆ ಇಳಿಸಿದರು, ಮಾಡಿನ ಮೇಲಿನ ಜಾಹೀರಾತುಗಳನ್ನು ತೆಗೆಸಿದರು, ಎಂತ್ಸುಜಿಯ ನೋಟಕ್ಕೂ ರಕ್ಷಣೆ ಕೊಟ್ಟರು. ಎದ್ದು ನಿಂತಿದ್ದ ಹೋಟೆಲು ಮಾತ್ರ ಒಂದು ಅಂಗುಲವೂ ತಗ್ಗಲಿಲ್ಲ. 2023ರಲ್ಲಿ ಊರಿನ ಕೆಲವು ಕಡೆ ಮಿತಿಯನ್ನು ಮತ್ತೆ ಸಡಿಲಿಸಿದ್ದಾರೆ.