ನರ್ಸಮ್ಮನ ಇಂಗ್ಲಿಷ್ – 7: ‘ಕ್ವೈಟ್’ ಅಂದ್ರೆ ಎಷ್ಟು?

ಈ ವಾರ ಒಂದೇ ಒಂದು ಪದ. ಐದೇ ಅಕ್ಷರದ್ದು. ‘ಕ್ವೈಟ್’. ಇಂಗ್ಲೆಂಡಿನ ವಾರ್ಡಿನಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಔಷಧಿಗಳ ಉದ್ದುದ್ದ ಹೆಸರಿಗಿಂತ ಕಷ್ಟ ಕೊಡೋದು ಈ ಚಿಕ್ಕ ಕ್ರಿಯಾವಿಶೇಷಣ.

ಡಿಕ್ಷನರಿ ತೆಗೆದರೆ ಇದಕ್ಕೆ ಎರಡು ಅರ್ಥ ಕೊಟ್ಟಿರ್ತಾರೆ. ಒಂದು ‘ಪೂರ್ತಿಯಾಗಿ’. ಇನ್ನೊಂದು ‘ತಕ್ಕಮಟ್ಟಿಗೆ’. ಎರಡೂ ಸರಿ. ತೊಂದರೆ ಇರೋದೇ ಅಲ್ಲಿ. ನೂರಕ್ಕೆ ನೂರು ಅನ್ನೋದಕ್ಕೂ ನೂರಕ್ಕೆ ಅರವತ್ತು ಅನ್ನೋದಕ್ಕೂ ಒಂದೇ ಪದ ಇಟ್ಟುಕೊಂಡರೆ ಹೇಗೆ?

ಇದಕ್ಕೊಂದು ಲೆಕ್ಕಾಚಾರ ಇದೆ. ಹೆಚ್ಚು ಕಡಿಮೆ ಆಗೋ ಗುಣದ ಮುಂದೆ ಬಂದರೆ, ಅಂದರೆ ಚಳಿ, ಸುಸ್ತು, ಒಳ್ಳೇದು ಇಂಥವುಗಳ ಮುಂದೆ, ‘ಕ್ವೈಟ್’ ಅಂದರೆ ತಕ್ಕಮಟ್ಟಿಗೆ. ಹೆಚ್ಚು ಕಡಿಮೆ ಆಗದ ಗುಣದ ಮುಂದೆ ಬಂದರೆ, ಅಂದರೆ ಅಸಾಧ್ಯ, ಖಾಲಿ, ಸತ್ತಿದೆ ಇಂಥವುಗಳ ಮುಂದೆ, ಪೂರ್ತಿ ಅಂತ ಅರ್ಥ. ‘ಕ್ವೈಟ್ ಇಂಪಾಸಿಬಲ್’ ಅಂದರೆ ಸಾಧ್ಯವೇ ಇಲ್ಲ. ‘ಕ್ವೈಟ್ ಗುಡ್’ ಅಂದರೆ ಪರವಾಗಿಲ್ಲ, ನಡೆಯತ್ತೆ. ಆದರೆ ಅಮೆರಿಕದವರು ‘ಕ್ವೈಟ್ ಗುಡ್’ ಅಂದರೆ ಸಾಮಾನ್ಯವಾಗಿ ‘ತುಂಬಾ ಚೆನ್ನಾಗಿದೆ’ ಅಂತಲೇ. ಹಾಗಾಗಿ ಟೆಕ್ಸಾಸ್‌ನಲ್ಲಿರೋ ನಿಮ್ಮ ಮಗನ ಬಾಸ್ ಅವನ ಕೆಲಸಕ್ಕೆ ‘ಕ್ವೈಟ್ ಗುಡ್’ ಅಂದರೆ ಖುಷಿಪಡಿ. ಲಂಡನ್‌ನಲ್ಲಿರೋ ಮಗಳ ಬಾಸ್ ಅದನ್ನೇ ಅಂದರೆ ಸ್ವಲ್ಪ ಕಾದು ನೋಡಿ.

ಸ್ವರದಲ್ಲೂ ಅರ್ಥ ಬದಲಾಗತ್ತೆ. ‘ಕ್ವೈಟ್’ ಮೇಲೆ ಒತ್ತು ಕೊಟ್ಟು ‘ಗುಡ್’ ಅನ್ನು ಮೆಲ್ಲಗೆ ಹೇಳಿದರೆ ಹೊಗಳಿಕೆ ಕಡಿಮೆ. ‘ಗುಡ್’ ಮೇಲೆ ಒತ್ತು ಬಿದ್ದರೆ ಹೊಗಳಿಕೆ ಜಾಸ್ತಿ. ‘ನಾಟ್ ಕ್ವೈಟ್’ ಅಂದರೆ ಇನ್ನೇನು ಹತ್ತಿರ ಬಂತು, ಆದರೆ ಆಗಿಲ್ಲ. ‘ಕ್ವೈಟ್ ಎ ಫ್ಯೂ’ ಅಂದರೆ ‘ಫ್ಯೂ’ ಅನ್ನೋ ಮಾತು ಬಿಟ್ಟೇಬಿಡಿ, ಬೇಕಾದಷ್ಟು ಅಂತ. ಬರೀ ‘ಕ್ವೈಟ್’ ಅಂದು ತಲೆ ಆಡಿಸಿದರೆ ‘ನೀವು ಹೇಳಿದ್ದು ಸರಿ’ ಅಂತ. ಸ್ಪೆಲಿಂಗ್‌ನಲ್ಲಿ ಕೊನೆಯ ಎರಡು ಅಕ್ಷರ ಅದಲು ಬದಲಾದರೆ ಅದು ‘ಕ್ವಯಟ್’, ಅಂದರೆ ಸದ್ದಿಲ್ಲದ್ದು. ಆ ಪದವನ್ನಂತೂ ಇಲ್ಲಿನ ನರ್ಸ್‌ಗಳು ಡ್ಯೂಟಿಯಲ್ಲಿ ಬಾಯಿಗೇ ತರೋದಿಲ್ಲ. ‘ಇವತ್ತು ವಾರ್ಡ್ ಕ್ವಯಟ್’ ಅಂದರೆ ಸಾಕು, ಹತ್ತು ನಿಮಿಷದಲ್ಲಿ ಮೂರು ಅಡ್ಮಿಷನ್ ಬರತ್ತೆ ಅಂತ ನಂಬಿಕೆ. ಮೂಢನಂಬಿಕೆ ನಮ್ಮ ಕಡೆ ಮಾತ್ರ ಇದೆ ಅಂದುಕೊಂಡವರಿಗೆ ಇದನ್ನು ಹೇಳಿ.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ವಾರ್ಡಿನಲ್ಲಿ ಈ ಪದದ ಪಕ್ಕ ಇನ್ನೊಂದು ಪದ ಬಂದು ಕೂರತ್ತೆ: ‘ಪೂರ್ಲಿ’. ಪುಸ್ತಕದ ಇಂಗ್ಲಿಷಿನಲ್ಲಿ ಅದು ‘ಕೆಟ್ಟದಾಗಿ’ ಅನ್ನೋ ಕ್ರಿಯಾವಿಶೇಷಣ. ಇಲ್ಲಿನ ಮಾತಿನಲ್ಲಿ ‘ಹುಷಾರಿಲ್ಲ’ ಅಂತ. ಮಗುವಿಗೆ ಶೀತ ಆದರೂ ‘ಪೂರ್ಲಿ’. ಆದರೆ ಆಸ್ಪತ್ರೆಯೊಳಗೆ ಡಾಕ್ಟರು ಸ್ವರ ತಗ್ಗಿಸಿ ‘ನಿಮ್ಮ ತಂದೆ ಕ್ವೈಟ್ ಪೂರ್ಲಿ’ ಅಂದರೆ ಸಂದರ್ಭ ಬೇರೆ. ಪರಿಸ್ಥಿತಿ ಗಂಭೀರವಾಗಿದೆ, ಜೀವಕ್ಕೇ ಅಪಾಯ ಇರಬಹುದು, ಮನೆಯವರಿಗೆ ತಿಳಿಸಿ ಅಂತಲೂ ಆಗಬಹುದು. ಇಲ್ಲೇ ಹುಟ್ಟಿ ಬೆಳೆದವರಿಗೆ ಅದು ತಟ್ಟನೆ ಗೊತ್ತಾಗತ್ತೆ. ಊರಿಂದ ಬಂದ ಅಪ್ಪನನ್ನು ಅಡ್ಮಿಟ್ ಮಾಡಿ ಪಕ್ಕದಲ್ಲಿ ಕೂತ ಮಗನಿಗೆ ಅದು ಏನಂತ ಕೇಳಿಸತ್ತೆ? ‘ತಕ್ಕಮಟ್ಟಿಗೆ ಹುಷಾರಿಲ್ಲ.’ ಸರಿ, ಮನೆಗೆ ಹೋಗಿ ಊಟ ಮಾಡಿ ಬೆಳಿಗ್ಗೆ ಬರೋಣ ಅಂತ ಎದ್ದುಬಿಟ್ಟರೆ, ತಪ್ಪು ಆ ಮಗನದ್ದಾ?

ಇಂಗ್ಲಿಷರ ಈ ತಗ್ಗಿಸಿ ಹೇಳೋ ಅಭ್ಯಾಸಕ್ಕೆ ಯುದ್ಧದಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. 1951ರ ಏಪ್ರಿಲ್, ಕೊರಿಯಾದ ಇಮ್‌ಜಿನ್ ನದಿ. ಚೀನಾದ ಭಾರೀ ಸೈನ್ಯ ಬ್ರಿಟಿಷರ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಬೆಟಾಲಿಯನ್ನಿಗೆ ಮುತ್ತಿಗೆ ಹಾಕಿತ್ತು. ಬ್ರಿಟಿಷ್ ಬ್ರಿಗೇಡಿಯರ್ ತನ್ನ ಅಮೆರಿಕನ್ ಮೇಲಧಿಕಾರಿಗೆ ‘ಇಲ್ಲಿ ಸ್ವಲ್ಪ ಬಿಕ್ಕಟ್ಟಾಗಿದೆ’ ಅನ್ನೋ ಧಾಟಿಯಲ್ಲಿ ವರದಿ ಕೊಟ್ಟರಂತೆ. ಅಮೆರಿಕನ್ ಅಧಿಕಾರಿ ‘ಸ್ವಲ್ಪ ತಾನೇ, ನಿಭಾಯಿಸ್ತಾರೆ’ ಅಂದುಕೊಂಡರು ಅಂತ ಈಗಲೂ ಹೇಳ್ತಾರೆ. ಆ ಬೆಟಾಲಿಯನ್ನಿನ ಬಹುಪಾಲು ಸೈನಿಕರು ಸತ್ತರು ಇಲ್ಲವೇ ಸೆರೆಯಾದರು. ಎರಡೂ ಕಡೆಯವರ ಮಾತೃಭಾಷೆ ಇಂಗ್ಲಿಷೇ ಅನ್ನೋದನ್ನು ಗಮನಿಸಿ.

ಹಾಗಾಗಿ ನನ್ನ ಮೊದಲ ವಾದ ಇದು. ನಾವು ಇಲ್ಲಿಗೆ ಬರಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಲೇಬೇಕು. ಐಇಎಲ್‌ಟಿಎಸ್ ಆದರೆ ಓದೋದು, ಕೇಳೋದು, ಮಾತಾಡೋದರಲ್ಲಿ 7, ಬರೆಯೋದರಲ್ಲಿ 6.5 ಬೇಕು. ಕಷ್ಟಪಟ್ಟು ತಗೊಂಡು ಬರ್ತೀವಿ. ಆಮೇಲೂ ಏನಾದರೂ ಅರ್ಥವಾಗಲಿಲ್ಲ ಅಂದರೆ ‘ಹೊರಗಿಂದ ಬಂದವರ ಇಂಗ್ಲಿಷ್ ಸಾಲದು’ ಅನ್ನೋ ಮಾತು ಬರತ್ತೆ. ಕೇಳಿಸಿಕೊಳ್ಳೋರ ಮೇಲೆ ಎಷ್ಟು ಹೊಣೆ ಇದೆಯೋ ಹೇಳೋರ ಮೇಲೂ ಅಷ್ಟೇ ಇದೆ. ಹ್ಯಾಂಡೋವರ್‌ನಲ್ಲಿ ‘ಕ್ವೈಟ್’ ಬಳಸೋರಿಗೆ ‘ಕ್ವೈಟ್ ಅಂದರೆ ಎಷ್ಟು?’ ಅಂತ ಕೇಳೋದು ಅವಿಧೇಯತೆ ಅಲ್ಲ, ಅದು ನರ್ಸಿನ ಕೆಲಸ. ಈಗ ನರ್ಸಿಂಗ್ ಓದ್ತಿರೋ ನಮ್ಮೂರ ಹುಡುಗ ಹುಡುಗಿಯರೇ, ಕೋಚಿಂಗ್ ಕ್ಲಾಸಿನಲ್ಲಿ ಕಲಿಸದ ಈ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡ್ಕೊಳ್ಳಿ.

ಆ ಪ್ರಶ್ನೆಗೆ ಉತ್ತರ ಕೊಡೋ ಸಾಧನವೂ ಇಲ್ಲೇ ಇದೆ. ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್’ ಅನ್ನೋ ಸ್ಕೋರ್. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಈ ಆರನ್ನೂ ಅಳೆದು ಅಂಕ ಕೊಡ್ತೀವಿ. ಆಕ್ಸಿಜನ್ ಹಾಕಿದ್ದರೆ ಇನ್ನೂ 2 ಸೇರತ್ತೆ. ಒಟ್ಟು 5 ಆದರೆ ತುರ್ತಾಗಿ ನೋಡಬೇಕು, 7 ಅಥವಾ ಹೆಚ್ಚಾದರೆ ಎಮರ್ಜೆನ್ಸಿ. ಈ ಅಂಕಿಗೆ ಮರ್ಯಾದೆ, ಸಂಕೋಚ ಗೊತ್ತಿಲ್ಲ. 7 ಅಂದರೆ ಬೆಂಗಳೂರಿನವರಿಗೂ 7, ಬರ್ಮಿಂಗ್‌ಹ್ಯಾಮಿನವರಿಗೂ 7. ಅಂಕಿಯೊಂದೇ ಸಾಕು ಅಂತ ಅಲ್ಲ, ರೋಗಿಯ ಮುಖ ನೋಡದ ನರ್ಸು ನರ್ಸೇ ಅಲ್ಲ. ಆದರೆ ಪದದ ಜೊತೆ ಅಂಕಿ ಇದ್ದರೆ ಪದ ಸುಳ್ಳು ಹೇಳೋಕಾಗಲ್ಲ.

ಈಗ ನಿಮ್ಮ ಕಡೆ ತಿರುಗ್ತೀನಿ. ಇಷ್ಟು ಹೊತ್ತು ಇಂಗ್ಲಿಷರನ್ನು ಆಡಿಕೊಂಡು ನಕ್ಕಿರಲ್ಲ, ನಮ್ಮದೇನು ಕಡಿಮೆಯಾ? ನಮ್ಮ ‘ಸ್ವಲ್ಪ’ ‘ಕ್ವೈಟ್’ಗೆ ಸ್ವಂತ ಅಕ್ಕ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಮೂರು ಜನರ ಸೀಟಿನಲ್ಲಿ ಐದು ಜನ. ‘ಸ್ವಲ್ಪ ಲೇಟಾಗತ್ತೆ’ ಅಂದರೆ ಮುಹೂರ್ತ ಮುಗಿದ ಮೇಲೆ ಬರ್ತಾರೆ. ‘ಅಡುಗೆ ಚೆನ್ನಾಗಿದೆ’ ಅನ್ನೋದಕ್ಕೂ ‘ಚೆನ್ನಾಗೇ ಇದೆ’ ಅನ್ನೋದಕ್ಕೂ ಇರೋ ವ್ಯತ್ಯಾಸ ಎಲ್ಲ ಅತ್ತೆ ಸೊಸೆಯರಿಗೂ ಗೊತ್ತು. ಅದೆಲ್ಲ ಇರಲಿ, ಚೆಂದ.

ಆದರೆ ಫೋನಿನಲ್ಲಿ ‘ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ನೀನೇನೂ ಯೋಚನೆ ಮಾಡ್ಬೇಡ’ ಅಂತೀರಲ್ಲ, ಆ ‘ಸ್ವಲ್ಪ’ ಬೇಡ. ಹೊರದೇಶದಲ್ಲಿರೋ ಮಕ್ಕಳ್ಯಾರನ್ನಾದರೂ ಕೇಳಿ ನೋಡಿ, ಈ ‘ಸ್ವಲ್ಪ’ ಕೇಳಿದರೆ ನಿದ್ದೆ ಬರಲ್ಲ. ಅದು ಶೀತಾನೂ ಇರಬಹುದು, ಐಸಿಯೂನೂ ಇರಬಹುದು. ದೂರದಲ್ಲಿರೋರು ಗಾಬರಿ ಬೀಳಬಾರದು ಅಂತ ಪ್ರೀತಿಯಿಂದಲೇ ಮುಚ್ಚಿಡ್ತೀರಿ, ಗೊತ್ತು. ಆದರೆ ಟಿಕೆಟ್ ಬುಕ್ ಮಾಡ್ಬೇಕಾ, ಆಸ್ಪತ್ರೆ ಬದಲಾಯಿಸ್ಬೇಕಾ ಅಂತ ನಿರ್ಧಾರ ಮಾಡೋ ಸಮಯವನ್ನೂ ಆ ಪ್ರೀತಿ ತಿಂದುಬಿಡತ್ತೆ. ನೀವು ಮುಚ್ಚಿಟ್ಟಿದ್ದರಿಂದ ಕಾಯಿಲೆ ಕಾಯೋದಿಲ್ಲ.

ಅದಕ್ಕೇ ನನ್ನ ಕೋರಿಕೆ. ವಯಸ್ಸಾದವರಿರೋ ಮನೆಯಲ್ಲಿ ಥರ್ಮಾಮೀಟರ್, ಬಿಪಿ ಮೆಷಿನ್, ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಇರಲಿ. ಶುಗರ್ ಇರೋರ ಮನೆಯಲ್ಲಿ ಗ್ಲುಕೋಮೀಟರ್ ಕೂಡ. ಹುಷಾರು ತಪ್ಪಿದರೆ ಡಾಕ್ಟರಿಗೆ ಹೇಳೋವಾಗಲೂ, ನಮಗೆ ಹೇಳೋವಾಗಲೂ ಅಂಕಿ ಹೇಳಿ. ‘ಸ್ವಲ್ಪ ಜ್ವರ’ ಬೇಡ, ‘102, ನಿನ್ನೆ ಸಂಜೆಯಿಂದ’ ಅನ್ನಿ. ‘ಸ್ವಲ್ಪ ಏದುಸಿರು’ ಬೇಡ, ‘ಆಕ್ಸಿಜನ್ 91’ ಅನ್ನಿ. ಎದೆನೋವು, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು ಇದ್ದರೆ ಅಂಕಿ ನೋಡ್ತಾ ಕೂರಬೇಡಿ, ನಮಗೆ ಫೋನೂ ಮಾಡಬೇಡಿ, ಮೊದಲು 108ಕ್ಕೆ ಮಾಡಿ.

ನಮ್ಮನ್ನು ಸಮಾಧಾನ ಮಾಡೋಕೆ ಆಮೇಲೆ ಬೇಕಾದಷ್ಟು ಹೊತ್ತಿರತ್ತೆ. ಮೊದಲು ಎಷ್ಟು ಅಂತ ಹೇಳಿ.

ಮುಂದಿನ ವಾರ ‘ಆಕ್ಚುಯಲಿ’. ನಮ್ಮ ಬೆಂಗಳೂರಿನವರೇ, ತಯಾರಾಗಿರಿ.