ಅಕೀಕಾಕ್ಕೆ ಇರುವ ಅವಸರ ಜನನ ನೋಂದಣಿಗೆ ಏಕಿಲ್ಲ?

ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಕೇಳಿದರೆ ಮದ್ರಸಾದ ಮಕ್ಕಳೂ ಉತ್ತರಿಸುತ್ತಾರೆ: ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯವೇನೆಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಆ ಸೂಕ್ತದ ವಿಷಯ ಬರವಣಿಗೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಅವಧಿಸಹಿತ ದಾಖಲಿಸಲು ಬೇಸರಪಡಬಾರದು ಎಂದು ಅಲ್ಲಾಹನು ಅಲ್ಲಿ ಆದೇಶಿಸಿದ್ದಾನೆ. ಕೆಲವು ಸಾವಿರ ರೂಪಾಯಿಗಳ ಸಾಲಕ್ಕೆ ಇಷ್ಟು ಎಚ್ಚರಿಕೆ ಕಲಿಸಿದ ಧರ್ಮದ ಅನುಯಾಯಿಗಳು ನಾವು. ಆದರೆ ನಮ್ಮದೇ ಮಗು ಯಾವ ದಿನ, ಯಾವ ಊರಿನಲ್ಲಿ, ಯಾರ ಮಡಿಲಲ್ಲಿ ಹುಟ್ಟಿತೆಂಬುದನ್ನು ಸಕಾಲದಲ್ಲಿ ಸರಿಯಾಗಿ ಬರೆಸಿಡಲು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬೇಸರ. ಈ ಬೇಸರವನ್ನು ಸಣ್ಣ ಅಲಕ್ಷ್ಯವೆಂದು ತಳ್ಳಿಹಾಕುವುದು ಸಾಕು. ಇದು ಮಗುವಿನ ಅಮಾನತ್ತಿಗೆ ಬಗೆಯುವ ದ್ರೋಹ.

ಬೆಳಗಾವಿ ಜಿಲ್ಲೆಯ ಗಡಿ ಊರು ಮಂಗಸೂಳಿಯನ್ನೇ ತೆಗೆದುಕೊಳ್ಳೋಣ. ಮೊದಲು ಅಥಣಿ ತಾಲೂಕಿನಲ್ಲಿದ್ದ ಈ ಊರು ಈಗ ಕಾಗವಾಡ ತಾಲೂಕಿಗೆ ಸೇರಿದೆ. ಕಚೇರಿಯ ಕೆಲಸಕ್ಕೆ ಕಾಗವಾಡ, ಅಥಣಿ, ಚಿಕ್ಕೋಡಿ. ಆದರೆ ಆಸ್ಪತ್ರೆಯೆಂದರೆ ಈ ಭಾಗದ ಜನರಿಗೆ ನೆನಪಾಗುವುದು ಗಡಿಯಾಚೆಯ ಮಿರಜ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಆಸ್ಪತ್ರೆ ಆರಂಭಿಸಿದಂದಿನಿಂದ ಕೃಷ್ಣಾ ತೀರದ ಕನ್ನಡ ಹಳ್ಳಿಗಳು ಕಾಯಿಲೆಗೆ, ಹೆರಿಗೆಗೆ ಮಿರಜಿನ ದಾರಿ ಹಿಡಿದಿವೆ. ಇದರ ಜೊತೆಗೆ ತವರಿನ ಸಂಪ್ರದಾಯವಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ನಮ್ಮ ಸೊಸೆಯಂದಿರಲ್ಲಿ ಅನೇಕರ ತವರು ಸಾಂಗಲಿ, ಮಿರಜ, ಇಚಲಕರಂಜಿ, ಜತ್ತ ಕಡೆಗೆ. ಮುಲ್ಲಾ, ಮುಜಾವರ, ಬಾಗವಾನ, ನದಾಫ, ಜಮಾದಾರ ಎಂಬ ಅಡ್ಡಹೆಸರುಗಳು ಗಡಿಯ ಎರಡೂ ಕಡೆ ಒಂದೇ. ರಾಜ್ಯಗಳು ಬೇರೆಯಾದರೂ ಬೀಗತನ ಬೇರೆಯಾಗಲಿಲ್ಲ.

ಆದರೆ ಕಾನೂನು ಬೀಗತನವನ್ನು ನೋಡುವುದಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿಯಾಗಬೇಕು. ತಂದೆಯ ಊರು ಮಂಗಸೂಳಿಯಾದರೂ ಮಗು ಮಿರಜಿನಲ್ಲಿ ಜನಿಸಿದ್ದರೆ ಅದರ ದಾಖಲೆ ಇರುವುದು ಸಾಂಗಲಿ-ಮಿರಜ-ಕುಪವಾಡ ಮಹಾನಗರ ಪಾಲಿಕೆಯಲ್ಲಿ. ಅದಕ್ಕೆ ಕಾಗವಾಡದ ತಹಶೀಲ್ದಾರರು ಪ್ರಮಾಣಪತ್ರ ಕೊಡಲಾರರು, ಚಿಕ್ಕೋಡಿಯ ಉಪವಿಭಾಗಾಧಿಕಾರಿಯೂ ತಿದ್ದಲಾರರು. ಆಸ್ಪತ್ರೆಯ ಹೆರಿಗೆಯನ್ನು ವರದಿ ಮಾಡುವ ಹೊಣೆ ಆಸ್ಪತ್ರೆಯದು, ಮನೆಯ ಹೆರಿಗೆಯನ್ನು ವರದಿ ಮಾಡುವ ಹೊಣೆ ಮನೆಯ ಯಜಮಾನನದು. 21 ದಿನಗಳೊಳಗೆ ವರದಿಯಾದರೆ ಶುಲ್ಕವಿಲ್ಲ. 30 ದಿನಗಳವರೆಗೆ ಅಲ್ಪ ದಂಡ. ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮೊದಲ ಮೂರು ವಾರಗಳಲ್ಲಿ ಹತ್ತು ನಿಮಿಷಗಳ ಕೆಲಸವಾಗಿದ್ದುದು ಹತ್ತು ವರ್ಷಗಳ ಬಳಿಕ ಪರರಾಜ್ಯದ ಕಚೇರಿಯ ಮುಂದೆ ದಿನಗೂಲಿ ಕಳೆದುಕೊಂಡು ನಿಲ್ಲುವ ಶಿಕ್ಷೆಯಾಗುತ್ತದೆ.

ಆಸ್ಪತ್ರೆಯವರು ಬರೆದುಕೊಂಡರೆ ಸಾಕೆಂದು ಭಾವಿಸುವವರೂ ಇದ್ದಾರೆ. ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ದೇಶದಲ್ಲಿ 5 ವರ್ಷದೊಳಗಿನ ಮಕ್ಕಳ ಜನನ ನೋಂದಣಿ ಶೇ. 80ರಿಂದ 89ಕ್ಕೆ ಏರಿದೆಯೆಂದೂ ಅದೇ ಸಮೀಕ್ಷೆ ತಿಳಿಸುತ್ತದೆ. ನಿಜ, ನೋಂದಣಿ ಹೆಚ್ಚಿದೆ. ಆದರೆ ನೋಂದಣಿ ಹೆಚ್ಚುವುದೂ ಸರಿಯಾದ ನೋಂದಣಿ ಹೆಚ್ಚುವುದೂ ಒಂದೇ ಅಲ್ಲ. ಮಗುವಿನ ಹೆಸರಿನ ಜಾಗ ಖಾಲಿ, ತಾಯಿಯ ಹೆಸರು ಒಂದು ಕಡೆ ತವರಿನದು ಇನ್ನೊಂದು ಕಡೆ ಗಂಡನ ಮನೆಯದು, ಮುಹಮ್ಮದ್ ಎಂಬ ಪವಿತ್ರ ನಾಮ ಒಂದು ಕಾಗದದಲ್ಲಿ ಮಹಮ್ಮದ, ಮತ್ತೊಂದರಲ್ಲಿ ಮೊಹಂಮದ. ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಒಂದು ವರ್ಷದೊಳಗೆ ಉಚಿತವಾಗಿ, ನಂತರ ಶುಲ್ಕದೊಂದಿಗೆ 15 ವರ್ಷಗಳವರೆಗೆ ಹೆಸರು ಸೇರಿಸಬಹುದು. ಎಷ್ಟು ಮಂದಿ ಸೇರಿಸುತ್ತಾರೆ? ಪ್ರಮಾಣಪತ್ರ ಪೆಟ್ಟಿಗೆ ಸೇರುತ್ತದೆ, ಹೆಸರಿನ ಜಾಗ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಗಮನಿಸುವುದಿಲ್ಲ. ಜನನ ವರದಿಯ ನಮೂನೆಯಲ್ಲಿ ಅಂಕಿಅಂಶಕ್ಕೆಂದೇ ಒಂದು ಭಾಗವಿದೆ. ತಾಯಿಯ ವಾಸದ ಊರು, ಕುಟುಂಬದ ಧರ್ಮ, ತಂದೆ ತಾಯಿಯರ ಶಿಕ್ಷಣ, ಉದ್ಯೋಗ, ತಾಯಿಯ ವಯಸ್ಸು ಅಲ್ಲಿ ದಾಖಲಾಗುತ್ತವೆ. ತವರಿನ ಅಣ್ಣನೋ ಚಿಕ್ಕಪ್ಪನೋ ಅವಸರದಲ್ಲಿ ಮಿರಜಿನ ವಿಳಾಸ ಬರೆಸಿಬಿಟ್ಟರೆ ಮಂಗಸೂಳಿಯ ಮಗು ಮಿರಜಿನ ಲೆಕ್ಕಕ್ಕೆ ಸೇರುತ್ತದೆ. ಗಡಿಯ ಊರುಗಳಲ್ಲಿ ಜನನ ಹೆಚ್ಚಿತು, ಇಳಿಯಿತು ಎಂದು ಅಂಕಿಗಳನ್ನು ಹಿಡಿದು ಮಾತನಾಡುವವರು ಇದನ್ನು ಮರೆಯಬಾರದು. ಹಳ್ಳಿಯ ಪುಸ್ತಕದಲ್ಲಿ ಜನನ ಕಡಿಮೆಯಾದರೆ ಹೆರಿಗೆ ನಗರಕ್ಕೆ ಹೋಗಿರಬಹುದು; ನಗರದ ಪುಸ್ತಕ ಉಬ್ಬಿದ್ದರೆ ಹಳ್ಳಿಯ ಮಕ್ಕಳು ಅಲ್ಲಿ ಸೇರಿರಬಹುದು. ತಪ್ಪು ವಿಳಾಸ ಬರೆಸಿದವನು ತನ್ನ ಊರಿನ ಅಂಗನವಾಡಿಗೆ, ಶಾಲೆಗೆ ಬೇಕಾದ ಲೆಕ್ಕದಿಂದ ಒಂದು ಮಗುವನ್ನು ತಾನೇ ಅಳಿಸಿದಂತಾಯಿತು.

ಇಷ್ಟನ್ನು ಹೇಳಿದಾಗ ಒಂದು ಉತ್ತರ ಸಿದ್ಧವಾಗಿರುತ್ತದೆ: "ಮಗುವನ್ನು ಕೊಟ್ಟವನು ಅಲ್ಲಾಹ್, ಅದರ ಲೆಕ್ಕ ಅವನ ಬಳಿ ಇದೆ, ಕಾಗದದಿಂದ ಏನಾಗುತ್ತದೆ?" ಇದಕ್ಕೆ ತವಕ್ಕುಲ್ ಎಂಬ ದೊಡ್ಡ ಹೆಸರನ್ನೂ ಕೊಡುತ್ತಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ) ಕೊಟ್ಟ ಬೋಧನೆ ತಿರ್ಮಿದಿಯಲ್ಲಿದೆ: ಮೊದಲು ಕಟ್ಟು, ಅನಂತರ ಭರವಸೆಯಿಡು. ಒಂಟೆಗೆ ಹಗ್ಗ ಬೇಕೆಂದ ಪ್ರವಾದಿಯವರ ಸಮುದಾಯ ಮಗುವಿಗೆ ದಾಖಲೆ ಬೇಡವೆನ್ನುವುದು ಯಾವ ಬಗೆಯ ದೈವಭಕ್ತಿ? ಜಮೀನಿನ ಉತಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡುವಾಗ, ಟ್ರ್ಯಾಕ್ಟರಿನ ಆರ್‌ಸಿ ಪುಸ್ತಕವನ್ನು ಬೀಗ ಹಾಕಿಡುವಾಗ ಈ ತವಕ್ಕುಲ್ ಎಲ್ಲಿ ಹೋಗಿರುತ್ತದೆ?

ಎಣಿಸುವುದು, ಬರೆಯುವುದು ನಮ್ಮ ಪರಂಪರೆಗೆ ಹೊರಗಿನಿಂದ ಬಂದದ್ದಲ್ಲ. ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದುಕೊಡಿರೆಂದು ಪ್ರವಾದಿ(ಸ) ಆದೇಶಿಸಿದ್ದನ್ನೂ, ಆಗ 1500 ಪುರುಷರ ಹೆಸರು ದಾಖಲಾದದ್ದನ್ನೂ ಹುಝೈಫಾ(ರ)ರವರಿಂದ ಬುಖಾರಿ ವರದಿ ಮಾಡಿದ್ದಾರೆ. ಖಲೀಫಾ ಉಮರ್(ರ) ಜನರ ಹೆಸರುಗಳ ದೀವಾನ್ ರಚಿಸಿ, ಅದರ ಪ್ರಕಾರ ಭತ್ಯೆ ಹಂಚಿದರು. ಮೊದಲು ಮಕ್ಕಳಿಗೆ ಎದೆಹಾಲು ಬಿಡಿಸಿದ ಬಳಿಕವೇ ಭತ್ಯೆ ಸಿಗುತ್ತಿತ್ತು. ಒಂದು ರಾತ್ರಿ ಮದೀನಾದಲ್ಲಿ ತಂಗಿದ್ದ ವರ್ತಕರ ತಂಡದ ಕಾವಲಿಗೆ ನಿಂತಿದ್ದಾಗ ಮಗುವೊಂದು ಎಡೆಬಿಡದೆ ಅಳುವುದನ್ನು ಅವರು ಕೇಳಿದರು. ಭತ್ಯೆ ಬೇಗ ಸಿಗಲೆಂದು ತಾಯಿ ಅದಕ್ಕೆ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದಳು. ಮುಂಜಾನೆಯ ನಮಾಝಿನಲ್ಲಿ ಅವರ ಅಳುವಿನಿಂದ ಪಾರಾಯಣವೇ ಕೇಳಿಸದಂತಾಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಅಂದಿನಿಂದ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿನಿಂದಲೇ ಭತ್ಯೆ ನಿಗದಿಯಾಯಿತು. ಹುಟ್ಟಿದ ಕೂಡಲೇ ರಾಜ್ಯದ ಲೆಕ್ಕದಲ್ಲಿ ಸೇರುವುದು ಮಗುವಿನ ಹಕ್ಕೆಂದು ಉಮರ್(ರ) ಸಾರಿದರು. ನಾವು ಆ ಹಕ್ಕನ್ನು ಕಿತ್ತುಕೊಳ್ಳುತ್ತಿದ್ದೇವೆ.

ಶಅಬಾನ್ ತಿಂಗಳು ಎಂದಷ್ಟೇ ಬರೆದಿದ್ದ ಪತ್ರವೊಂದು ತಮ್ಮ ಮುಂದೆ ಬಂದಾಗ, ಯಾವ ವರ್ಷದ ಶಅಬಾನ್ ಎಂದು ಉಮರ್(ರ) ವಿಚಾರಿಸಿದರೆಂದೂ, ಆ ಗೊಂದಲದಿಂದಲೇ ಹಿಜರಿ ಶಕೆ ಹುಟ್ಟಿತೆಂದೂ ಚರಿತ್ರೆ ಹೇಳುತ್ತದೆ. ಇಂದು ನಮ್ಮ ಹಳ್ಳಿಗಳಲ್ಲಿ ಹಿರಿಯರ ಜನ್ಮದಿನ ಕೇಳಿದರೆ ಬರುವ ಉತ್ತರ ಜೂನ್ 1. ಶಾಲೆಗೆ ಸೇರಿಸಿದ ದಿನ ಮಾಸ್ತರರು ಅಂದಾಜಿನಿಂದ ಬರೆದುಕೊಂಡ ದಿನಾಂಕವದು. ಇಡೀ ಜಗತ್ತಿಗೆ ದಿನಗಣನೆಯ ಶಕೆಯೊಂದನ್ನು ಕೊಟ್ಟ ಸಮುದಾಯ ತನ್ನ ಮಕ್ಕಳ ದಿನವನ್ನೇ ಕಳೆದುಕೊಂಡಿದೆ.

ಅಂದಾಜಿನ ದಿನಾಂಕ ಅಜ್ಞಾನ; ಬೇಕೆಂದೇ ಬದಲಿಸಿದ ದಿನಾಂಕ ಪಾಪ. ನೌಕರಿಗೆ ಅವಕಾಶ ಸಿಗಲೆಂದು ಮಗನ ವಯಸ್ಸನ್ನು ಇಳಿಸುವವರು, 18 ತುಂಬುವ ಮೊದಲೇ ನಿಕಾಹ್ ಮುಗಿಸಲೆಂದು ಮಗಳ ವಯಸ್ಸನ್ನು ಏರಿಸುವವರು ಇನ್ನೂ ಇದ್ದಾರೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ) ಮಹಾಪಾಪಗಳ ಸಾಲಿಗೆ ಸೇರಿಸಿದ್ದಾರೆಂಬುದು ಈ ತಂದೆಯಂದಿರಿಗೆ ಗೊತ್ತಿಲ್ಲವೇ? ಅನಾಥರು ಪ್ರಾಪ್ತ ವಯಸ್ಸಿಗೆ ಬಂದಾಗ ಸಾಕ್ಷಿಗಳ ಮುಂದೆ ಅವರ ಸೊತ್ತನ್ನು ಒಪ್ಪಿಸಬೇಕೆಂದು ಅನ್ನಿಸಾ ಅಧ್ಯಾಯದ 6ನೆಯ ಸೂಕ್ತ ಆದೇಶಿಸುತ್ತದೆ. ದತ್ತು ಮಕ್ಕಳನ್ನು ಅವರ ಸ್ವಂತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಅಲ್‌ಅಹ್‌ಝಾಬ್ ಅಧ್ಯಾಯದ 5ನೆಯ ಸೂಕ್ತ ಹೇಳುತ್ತದೆ. ವಯಸ್ಸೂ ವಂಶವೂ ಸತ್ಯವಾಗಿರಬೇಕೆಂಬುದು ಶರೀಅತ್ತಿನ ಬೇಡಿಕೆ. ತಂದೆ ಅಕಾಲದಲ್ಲಿ ತೀರಿಕೊಂಡರೆ ಹೆಣ್ಣುಮಗಳು ತನ್ನ ಪಾಲಿನ ಆಸ್ತಿ ಕೇಳಲು ಮೊದಲು ತೋರಿಸಬೇಕಾದದ್ದು ತಾನು ಆತನ ಮಗಳೆಂಬ ಪುರಾವೆಯನ್ನು. ಆ ಪುರಾವೆ ಇಲ್ಲದಿರಲೆಂದು ಹಾರೈಸುವ ದಾಯಾದಿಗಳು ನಮ್ಮ ಸಮುದಾಯದಲ್ಲಿ ಇಲ್ಲವೆಂದು ಯಾರಾದರೂ ಎದೆ ಮುಟ್ಟಿ ಹೇಳಬಲ್ಲರೇ?

ಆಧಾರ್ ಇದೆಯಲ್ಲ ಎಂಬುದು ಎರಡನೆಯ ಉತ್ತರ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು ಅದರ ಕಾನೂನೇ ಹೇಳುತ್ತದೆ. ಜನ್ಮದಿನಾಂಕಕ್ಕೂ ಅದು ತಕ್ಕ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. 2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮ ದಿನಾಂಕ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ನಮ್ಮ ಕಾಲದಲ್ಲಿ ಶಾಲೆಯ ದಾಖಲೆ ನಡೆಯಿತು. ನಮ್ಮ ಮೊಮ್ಮಕ್ಕಳ ಕಾಲದಲ್ಲಿ ನಡೆಯದು.

ಮೂರನೆಯ ಉತ್ತರ ಭಯದ್ದು: ನಮ್ಮನ್ನು ಲೆಕ್ಕ ಹಾಕುವವರ ಉದ್ದೇಶ ಒಳ್ಳೆಯದಲ್ಲ, ಅವರಿಗೆ ಏಕೆ ವಿವರ ಕೊಡಬೇಕು? ಈ ಭಯಕ್ಕೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. 2019ರ ಆಗಸ್ಟ್ 31ರಂದು ಪ್ರಕಟವಾದ ಅಸ್ಸಾಮಿನ ಎನ್‌ಆರ್‌ಸಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ತವರೂರು ಬಿಟ್ಟು ಬಂದ ವಿವಾಹಿತ ಸ್ತ್ರೀಯರು ತಂದೆಯೊಂದಿಗಿನ ಸಂಬಂಧ ಸಾಬೀತುಪಡಿಸಲು ಪಟ್ಟ ಪಾಡು ದೊಡ್ಡದು. ಅಸ್ಸಾಮ್ ದೂರವೆನಿಸಿದರೆ ಮಹಾರಾಷ್ಟ್ರವಂತೂ ಹತ್ತಿರ. 2025ರ ಆರಂಭದಲ್ಲಿ ಅಲ್ಲಿನ ಸರಕಾರ ವಿಳಂಬಿತ ಜನನ ಪ್ರಮಾಣಪತ್ರಗಳ ವಿತರಣೆಯನ್ನು ತಡೆಹಿಡಿಯಿತು. ಮಾಲೆಗಾಂವ್ ಮೊದಲಾದೆಡೆ ವಿದೇಶೀಯರಿಗೆ ಪ್ರಮಾಣಪತ್ರ ನೀಡಲಾಗಿದೆಯೆಂಬ ಆರೋಪದ ಮೇಲೆ ವಿಶೇಷ ತನಿಖಾ ತಂಡ ರಚನೆಯಾಯಿತು, ನಿಯಮಗಳು ಬಿಗಿಯಾದವು. ನಮ್ಮ ಸೊಸೆಯಂದಿರು ಹೆರಿಗೆಗೆ ಹೋಗುವುದು ಅದೇ ರಾಜ್ಯಕ್ಕೆ. ತಡಮಾಡಿದ ಬಡವನನ್ನು ಅಪರಾಧಿಯಂತೆ ಕಾಣುವುದು ಅನ್ಯಾಯ, ಅದನ್ನು ಖಂಡಿಸಲೇಬೇಕು. ಆದರೆ ತಡವಾದ ಕಾಗದ ಅನುಮಾನಕ್ಕೆ ಗುರಿಯಾಗುವ ಕಾಲದಲ್ಲಿ ಬೇಕೆಂದೇ ತಡಮಾಡುವುದು ಯಾವ ಜಾಣತನ? ಭಯ ನಿಜವಾದಷ್ಟೂ 21 ದಿನಗಳ ಬೆಲೆ ಹೆಚ್ಚಾಗುತ್ತದೆ.

ಅದೇ ಮಹಾರಾಷ್ಟ್ರದಲ್ಲಿ ಇನ್ನೊಂದು ಪಾಠವೂ ಇದೆ. 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಕುಣಬಿ ಎಂಬ ನಮೂದಿಗಾಗಿ ಮೋಡಿ ಲಿಪಿಯ ಹಳೆಯ ದಫ್ತರಗಳನ್ನು, ಹಳ್ಳಿಗಳ ಜನನ ಮರಣ ಪುಸ್ತಕಗಳನ್ನು ಶೋಧಿಸಿತು. ಮುತ್ತಜ್ಜನ ಹುಟ್ಟನ್ನು ಯಾವನೋ ಗ್ರಾಮ ನೌಕರ ಒಂದು ಸಾಲಿನಲ್ಲಿ ಬರೆದಿಟ್ಟಿದ್ದು ಮರಿಮೊಮ್ಮಗನಿಗೆ ಮೀಸಲಾತಿಯ ಬಾಗಿಲು ತೆರೆಯಿತು. ಇಂದು ನಾವು ಬರೆಸುವ ಒಂದು ಸಾಲಿನ ಫಲ ಉಣ್ಣುವವರು ಇನ್ನೂ ಹುಟ್ಟದ ಪೀಳಿಗೆಯವರು.

ನಮ್ಮ ಜನಸಂಖ್ಯೆಯ ಹೆಸರಿನಲ್ಲಿ ವಿಷ ಹರಡುವವರಿಗೂ ಉತ್ತರ ಸಿಗುವುದು ದಾಖಲೆಯಲ್ಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಮುಸ್ಲಿಮ್ ಮಹಿಳೆಯರ ಸರಾಸರಿ ಹೆರಿಗೆ ಪ್ರಮಾಣ 1992-93ರಲ್ಲಿ 4.4 ಇದ್ದುದು 2019-21ರಲ್ಲಿ 2.4ಕ್ಕೆ ಇಳಿದಿದೆ. ಸಭೆಗಳಲ್ಲಿ ಅಬ್ಬರಿಸುವವರು ಈ ಅಂಕಿಯನ್ನು ಹೇಳುವುದಿಲ್ಲ. ಆದರೆ ನಮ್ಮ ಮಕ್ಕಳ ಲೆಕ್ಕವನ್ನು ನಾವೇ ಅರ್ಧಂಬರ್ಧ ಬರೆಸಿದರೆ ಸುಳ್ಳುಗಾರನಿಗೆ ಅಂದಾಜಿನ ಮೈದಾನವನ್ನು ಬಿಟ್ಟುಕೊಟ್ಟಂತೆ.

ಆಳುವವರ ಪಾಲನ್ನೂ ಹೇಳಬೇಕು. ಗಡಿ ಯಾರಿಗೆ ಸೇರಬೇಕೆಂದು 1967ರ ಮಹಾಜನ ವರದಿಯಿಂದ ಇಂದಿನವರೆಗೂ ವಾದ ನಡೆದಿದೆ. ಗಡಿಯ ಕೂಲಿಕಾರನ ಮಗುವಿನ ಮರಾಠಿ ಪ್ರಮಾಣಪತ್ರದ ತಪ್ಪನ್ನು ಎಲ್ಲಿ ತಿದ್ದಿಸಬೇಕೆಂದು ಹೇಳುವವರು ಎರಡೂ ಕಡೆ ಸಿಗುವುದಿಲ್ಲ. ನೆಲಕ್ಕಾಗಿ ಜಗಳವಾಡುವ ಎರಡು ಸರಕಾರಗಳು ಆ ನೆಲದ ಶಿಶುವಿಗಾಗಿ ಒಂದು ಕಿಟಕಿ ತೆರೆಯಲಾರವೇ?

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ಕಾಯುವ ಅಗತ್ಯ ನಮಗಿಲ್ಲ, ಏಕೆಂದರೆ ವ್ಯವಸ್ಥೆ ನಮ್ಮ ಕೈಯಲ್ಲೇ ಇದೆ. ಏಳನೆಯ ದಿನ ಅಕೀಕಾ ನೆರವೇರಿಸಿ ಮಗುವಿಗೆ ಹೆಸರಿಡುವುದು ಸುನ್ನತ್. ಆಗದಿದ್ದರೆ ಹದಿನಾಲ್ಕನೆಯ ದಿನ, ಅದೂ ಆಗದಿದ್ದರೆ ಇಪ್ಪತ್ತೊಂದನೆಯ ದಿನವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಕಾನೂನು ಕೊಟ್ಟಿರುವ ಗಡುವೂ 21 ದಿನ. ಕುರಿ ತರಲು, ನೆಂಟರನ್ನು ಕರೆಯಲು, ಬಿರಿಯಾನಿಯ ಹಂಡೆ ಬಾಡಿಗೆಗೆ ಪಡೆಯಲು ಮೂರು ವಾರ ಸಾಕಾಗುತ್ತದೆ. ಮಗುವಿನ ಹೆಸರನ್ನು ಕಚೇರಿಯಲ್ಲಿ ಬರೆಸಲು ಮಾತ್ರ ಸಾಕಾಗುವುದಿಲ್ಲ!

ಜಮಾಅತ್‌ಗಳು ಇದನ್ನು ಕೈಗೆತ್ತಿಕೊಳ್ಳಲಿ. ಮಸೀದಿಯಲ್ಲಿ ನಿಕಾಹ್ ಪುಸ್ತಕವಿದೆ, ಚಂದಾ ಪುಸ್ತಕವಿದೆ. ಮೊಹಲ್ಲಾದಲ್ಲಿ ಹುಟ್ಟಿದ ಮಕ್ಕಳ ಪುಸ್ತಕವೂ ಇರಲಿ. ಅಕೀಕಾದ ಆಮಂತ್ರಣ ಬಂದಾಗ ಇಮಾಮರು ಮೂರು ಪ್ರಶ್ನೆ ಕೇಳಲಿ: ಮಗು ಎಲ್ಲಿ ನೋಂದಣಿಯಾಯಿತು? ತಾಯಿಯ ಹೆಸರು ಆಕೆಯ ದಾಖಲೆಗಳಲ್ಲಿರುವಂತೆಯೇ ಇದೆಯೇ? ಖಾಯಂ ವಿಳಾಸ ಯಾವ ಊರಿನದು? ಆಸ್ಪತ್ರೆ ಬಿಡುವ ಮೊದಲು ಕಾಗದ ಓದಿನೋಡಲು ಕನ್ನಡ, ಮರಾಠಿ ಎರಡನ್ನೂ ಬಲ್ಲ ಇಬ್ಬರು ಯುವಕರನ್ನು ಜಮಾಅತ್ ನೇಮಿಸಲಿ. ವರ್ಷಕ್ಕೊಮ್ಮೆ ಜುಮಾ ಖುತ್ಬಾದಲ್ಲಿ ಇದರ ಮಾತು ಬರಲಿ. ಇದಕ್ಕೆ ಲಕ್ಷಗಳ ಖರ್ಚಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ತನ್ನ ಅಧೀನದಲ್ಲಿರುವವರ ಕುರಿತು ಪ್ರತಿಯೊಬ್ಬನೂ ವಿಚಾರಿಸಲ್ಪಡುವನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮಗುವಿನ ಬಲಗಿವಿಯಲ್ಲಿ ಅಝಾನ್ ಹೇಳಿದ ತಂದೆ ಆ ಮಗುವಿನ ಹೆಸರನ್ನು ನಾಡಿನ ಪುಸ್ತಕದಲ್ಲೂ ಸತ್ಯವಾಗಿ, ಸಕಾಲದಲ್ಲಿ ಬರೆಸಲಿ. ನಮ್ಮ ಮಕ್ಕಳ ಹಕ್ಕುಗಳ ವಿಷಯದಲ್ಲಿ ಅಲ್ಲಾಹನು ನಮ್ಮನ್ನು ಪ್ರಾಮಾಣಿಕರನ್ನಾಗಿ ಮಾಡಲಿ. ಆಮೀನ್.