ಋತುಕಾಲದ ಗಣನೆ

ಸಂಸಾರದಲ್ಲಿ ಬಾಯಿಬಿಟ್ಟು ಆಡಲು ಸಂಕೋಚಪಡುವ ವಿಷಯಗಳು ಕೆಲವು ಉಂಟು. ಸಂಕೋಚವು ಸಭ್ಯತೆಗೆ ಭೂಷಣವೆಂಬುದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅದರ ಮರೆಯಲ್ಲಿ ಅಜ್ಞಾನವು ಬೆಳೆದು, ಆ ಅಜ್ಞಾನದಿಂದ ನಿರಪರಾಧಿಯಾದ ಒಬ್ಬಳ ಬಾಳಿಗೆ ಕೇಡಾಗುವಂತಿದ್ದರೆ, ಅಲ್ಲಿ ಸುಮ್ಮನಿರುವುದು ಸಭ್ಯತೆಯಲ್ಲ. ಸಂತಾನವನ್ನು ಬಯಸುವ ದಂಪತಿಗಳು ಯಾವ ದಿನಗಳನ್ನು ಅನುಕೂಲವೆಂದು ತಿಳಿಯಬೇಕು, ಆ ದಿನಗಳನ್ನು ಗುರುತಿಸುವುದು ಹೇಗೆ ಎಂಬ ವಿಷಯವು ಅಂತಹುದು. ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ನಾವು ವೈದ್ಯರಲ್ಲ, ಪಾಠಶಾಲೆಯಲ್ಲಿ ಬಹುಕಾಲ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತಿ ಪಡೆದವರು. ಆದಕಾರಣ ಪೂರ್ವಿಕರು ಹೇಳಿರುವುದನ್ನು ಮೂಲದಿಂದ ತಿಳಿಸಬಲ್ಲೆವು. ಈಚಿನ ವೈದ್ಯಶಾಸ್ತ್ರವು ಪರೀಕ್ಷಿಸಿ ಸ್ಥಿರಪಡಿಸಿರುವುದನ್ನು ಓದಿ ತಿಳಿದು ಅದರ ಪಕ್ಕದಲ್ಲಿ ಇಡಬಲ್ಲೆವು. ಎರಡನ್ನೂ ತೂಗಿ ನೋಡುವ ಭಾರವು ವಾಚಕರದು.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ರಜೋದರ್ಶನವಾದ ದಿನದಿಂದ 16 ರಾತ್ರಿಗಳು ಋತುಕಾಲವೆಂದೂ, ಅವುಗಳಲ್ಲಿ ಮೊದಲ 4, ಅಲ್ಲದೆ 11ನೆಯದು ಮತ್ತು 13ನೆಯದು ವರ್ಜ್ಯವೆಂದೂ, ಉಳಿದ 10 ಪ್ರಶಸ್ತವೆಂದೂ ಹೇಳಿದೆ. ಸುಶ್ರುತಸಂಹಿತೆಯು ಋತುಕಾಲವನ್ನು 12 ರಾತ್ರಿಗಳೆಂದು ಎಣಿಸುತ್ತದೆ. ಹಗಲು ಕಳೆದ ಮೇಲೆ ತಾವರೆಯು ಮುಚ್ಚಿಕೊಳ್ಳುವಂತೆ, ಋತುವು ಕಳೆದ ಮೇಲೆ ಗರ್ಭಧಾರಣೆಯ ಬಾಗಿಲು ಮುಚ್ಚುತ್ತದೆಂಬುದು ಸುಶ್ರುತನ ಉಪಮಾನ. ತಿಂಗಳಿನ ಎಲ್ಲ ದಿನಗಳೂ ಒಂದೇ ಅಲ್ಲ, ತೆರೆಯುವ ಕಾಲವೊಂದು ಮುಚ್ಚುವ ಕಾಲವೊಂದು ಇದೆ ಎಂಬ ಈ ಮೂಲತತ್ತ್ವವು ಇಂದಿಗೂ ಸತ್ಯವಾಗಿ ನಿಂತಿದೆ. 19ನೆಯ ಶತಮಾನದಲ್ಲಿ ಯೂರೋಪಿನ ಅನೇಕ ವೈದ್ಯರು ಮುಟ್ಟಿಗೆ ತೀರ ಹತ್ತಿರದ ದಿನಗಳೇ ಗರ್ಭ ನಿಲ್ಲುವ ದಿನಗಳೆಂದು ನಂಬಿದ್ದರೆಂಬುದನ್ನು ನೆನೆದರೆ, ನಮ್ಮವರು ನಿಜಕ್ಕೆ ಹೆಚ್ಚು ಸಮೀಪದಲ್ಲಿದ್ದರೆನ್ನಬೇಕು.

ಆದರೆ ಎಣಿಕೆಯನ್ನು ಎಲ್ಲಿಂದ ಆರಂಭಿಸಬೇಕೆಂಬಲ್ಲಿ ಒಂದು ತೊಡಕಿದೆ. ಜಪಾನಿನ ನೀಗಾಟ ಪಟ್ಟಣದಲ್ಲಿದ್ದ ಕ್ಯೂಸಾಕು ಓಗಿನೊ ಎಂಬ ಸ್ತ್ರೀರೋಗವೈದ್ಯನು 1924ರಲ್ಲಿ ಇದನ್ನು ಬಿಡಿಸಿ ತೋರಿಸಿದನು. ಅಂಡಾಶಯದಿಂದ ಅಂಡವು ಹೊರಬೀಳುವ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ಲೆಕ್ಕ ನಿಲ್ಲದು. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿದರೆ 12ರಿಂದ 16 ದಿನಗಳೊಳಗೆ ಅದು ಸಿಕ್ಕುವುದು. ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾ ದೇಶದ ಹೆರ್ಮನ್ ಕ್ನೌಸ್ ಎಂಬ ವೈದ್ಯನೂ ಬೇರೆ ದಾರಿಯಿಂದ ಬಂದು ಇದೇ ನಿರ್ಣಯಕ್ಕೆ ಮುಟ್ಟಿದನು. ಅಂಡವು ಹೊರಬಿದ್ದ ಮೇಲಣ ಅವಧಿಯು ಒಬ್ಬೊಬ್ಬಳಲ್ಲಿ ಬಹುಮಟ್ಟಿಗೆ ಸ್ಥಿರ. ಅದಕ್ಕೆ ಮುಂಚಿನ ಅವಧಿಯೇ ಹಿಗ್ಗುವುದು, ಕುಗ್ಗುವುದು.

ಇದರ ಫಲವೇನೆಂಬುದನ್ನು ಲೆಕ್ಕದಿಂದಲೇ ನೋಡೋಣ. ಹೊರಬಿದ್ದ ಅಂಡವು ಒಂದು ದಿನಕ್ಕಿಂತ ಹೆಚ್ಚು ಬಾಳದು. ಪುರುಷನ ವೀರ್ಯಾಣುಗಳು ಅನುಕೂಲವಿದ್ದರೆ 5 ದಿನಗಳವರೆಗೆ ಗರ್ಭಮಾರ್ಗದಲ್ಲಿ ಜೀವಿಸಿ ಕಾದಿರಬಲ್ಲವು. ಆದ್ದರಿಂದ ಅಂಡೋತ್ಪತ್ತಿಯ ದಿನವೂ ಅದರ ಹಿಂದಿನ 5 ದಿನಗಳೂ ಕೂಡಿ ಫಲಕಾಲವು 6 ದಿನ ಮಾತ್ರ. ಅಮೆರಿಕೆಯ ಉತ್ತರ ಕೆರೊಲಿನಾದಲ್ಲಿ 221 ಮಂದಿ ಸ್ತ್ರೀಯರು ಪ್ರತಿದಿನವೂ ಮೂತ್ರವನ್ನು ಪರೀಕ್ಷೆಗೆ ಕೊಟ್ಟು ನಡೆದ ಸಂಶೋಧನೆಯೊಂದು 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಗರ್ಭ ನಿಂತುದೆಲ್ಲ ಈ 6 ದಿನಗಳ ಸಮಾಗಮದಿಂದಲೇ ಎಂದು ಕಂಡುಬಂದಿತು. ಮೊದಲ ದಿನದಲ್ಲಿ ನೂರಕ್ಕೆ 10ರಷ್ಟಿದ್ದ ಸಂಭವವು ಅಂಡೋತ್ಪತ್ತಿಯ ದಿನದ ಹೊತ್ತಿಗೆ 33ಕ್ಕೆ ಏರಿತ್ತು.

28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಸುಮಾರು 14ನೆಯ ದಿನ ಅಂಡೋತ್ಪತ್ತಿಯಾದರೆ, 9ರಿಂದ 14ರವರೆಗೆ ಅವಳ ಫಲಕಾಲ. ವರ್ಜ್ಯವೆನಿಸಿದ 11 ಮತ್ತು 13 ಆಗ ಒಳ್ಳೆಯ ದಿನಗಳ ನಡುವೆಯೇ ಬೀಳುತ್ತವೆ. 35 ದಿನಕ್ಕೊಮ್ಮೆ ಆಗುವವಳಿಗೆ ಅಂಡೋತ್ಪತ್ತಿಯು ಸುಮಾರು 21ನೆಯ ದಿನ. ಅವಳ ಫಲಕಾಲವು 16ರಿಂದ 21. ಅಂದರೆ 16 ರಾತ್ರಿಗಳ ನಿಯಮವನ್ನು ತಪ್ಪದೆ ಪಾಲಿಸಿದ ದಂಪತಿಗಳಿಗೆ ಆರು ದಿನಗಳಲ್ಲಿ ಮೊದಲನೆಯದೊಂದೇ ದೊರೆಯುತ್ತದೆ. ಅದೂ ಎಲ್ಲಕ್ಕಿಂತ ದುರ್ಬಲವಾದ ದಿನ. ಇಲ್ಲಿ ಸೊಸೆಯ ದೋಷವೂ ಇಲ್ಲ, ಮಗನ ದೋಷವೂ ಇಲ್ಲ. ಒಬ್ಬರ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸಿದುದರ ದೋಷ.

ಹಾಗಾದರೆ ಅಳತೆಯನ್ನು ತೆಗೆಯುವುದು ಹೇಗೆ? ಗರ್ಭವು ಮೂಡುವುದನ್ನು ಸುಶ್ರುತನು ಮೊಳಕೆಗೆ ಹೋಲಿಸಿ, ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಬೇಕೆಂದು ಹೇಳಿದ್ದಾನೆ. ಬೇಸಾಯದ ಮಾತು ಬಂದುದರಿಂದ ನಮ್ಮ ರೈತನನ್ನೇ ಕೇಳೋಣ. ರೋಹಿಣಿ ಮಳೆ ಹುಟ್ಟಿತೆಂದು ಪಂಚಾಂಗವು ಹೇಳಿದ ಮಾತ್ರಕ್ಕೆ ಅವನು ಬಿತ್ತಿಬಿಡುವುದಿಲ್ಲ; ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಾನೆ. ಇಲ್ಲಿಯೂ ಹದವನ್ನೇ ನೋಡತಕ್ಕದ್ದು. ಹೊಲಕ್ಕೆ ತನ್ನ ಹದ ತಿಳಿಯದು, ಹೆಣ್ಣಿಗೆ ತಿಳಿಯುತ್ತದೆ. ಆದ್ದರಿಂದ ನೋಡತಕ್ಕವಳು ಅವಳೇ. ಲಕ್ಷಣಗಳು ಮುಖ್ಯವಾಗಿ ಎರಡು.

ಮೊದಲನೆಯದು ಗರ್ಭಕಂಠದಿಂದ ಬರುವ ಲೋಳೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತೆ ಇರುವುದು. ಬಳಿಕ ಅಂಟಂಟಾದ, ಮಂದವಾದ ಬಿಳಿಯ ಲೋಳೆ ಕಾಣಿಸುವುದು. ಅನಂತರ ಅದು ತೆಳುವಾಗಿ, ತಿಳಿಯಾಗಿ, ಜಾರುವಂತಾಗಿ, ಎರಡು ಬೆರಳುಗಳ ನಡುವೆ ಎಳೆದರೆ ಎಳೆಯಾಗಿ ನಿಲ್ಲುವುದು. ವೈದ್ಯರು ಇದನ್ನು ಕೋಳಿಮೊಟ್ಟೆಯ ಹಸಿ ಬಿಳಿಗೆ ಹೋಲಿಸುತ್ತಾರೆ. ಬೆಂಡೆಕಾಯಿ ಹೆಚ್ಚುವಾಗ ಏಳುವ ಎಳೆಯೆಂದರೆ ನಮ್ಮ ಎಲ್ಲ ಮನೆಗಳಲ್ಲಿಯೂ ತಿಳಿದೀತು. ಹೀಗೆ ಜಾರುವ ಲೋಳೆ ಕಂಡ ದಿನಗಳೇ ಹದದ ದಿನಗಳು. ವೀರ್ಯಾಣುಗಳನ್ನು ಪೋಷಿಸಿ ಒಳಕ್ಕೆ ದಾಟಿಸುವುದು ಈ ಲೋಳೆಯೇ. ಅಂಡವು ಹೊರಬಿದ್ದ ಮೇಲೆ ಅದು ಮತ್ತೆ ಮಂದವಾಗುವುದು ಅಥವಾ ಒಣಗುವುದು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಜಾನ್ ಬಿಲ್ಲಿಂಗ್ಸ್ ಎಂಬ ವೈದ್ಯರು 1953ರಲ್ಲಿ ಈ ವಿಷಯದ ಶೋಧನೆಗೆ ತೊಡಗಿ, ವೈದ್ಯೆಯಾದ ತಮ್ಮ ಪತ್ನಿ ಎವೆಲಿನ್ ಅವರೊಡನೆ ಕೂಡಿ ಇದನ್ನು ಒಂದು ಕ್ರಮಕ್ಕೆ ತಂದರು. ತುರಿಕೆ, ದುರ್ಗಂಧ, ಮೊಸರಿನ ಗಟ್ಟಿಯಂತಹ ಸ್ರಾವ ಕಂಡರೆ ಅದು ಋತುಲಕ್ಷಣವಲ್ಲ, ವ್ಯಾಧಿ, ಚಿಕಿತ್ಸೆ ಆಗಬೇಕು.

ಎರಡನೆಯದು ದೇಹದ ಉಷ್ಣಮಾನ. ಬೆಳಗ್ಗೆ ಎದ್ದೊಡನೆ, ಹಾಸಿಗೆಯನ್ನು ಬಿಡುವ ಮುಂಚೆ, ಒಂದೇ ಹೊತ್ತಿಗೆ, ಡಿಗ್ರಿಯ ಹತ್ತನೆಯ ಅಂಶವನ್ನೂ ತೋರಿಸುವ ಥರ್ಮಾಮೀಟರನ್ನು ನಾಲಗೆಯ ಕೆಳಗಿಟ್ಟು ನೋಡಿ ಬರೆದಿಡಬೇಕು. ಅಂಡೋತ್ಪತ್ತಿಯಾದ ಮೇಲೆ ಉಷ್ಣಮಾನವು ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟಿನಷ್ಟು ಏರಿ, ಮುಂದಿನ ಮುಟ್ಟಿನವರೆಗೂ ಏರಿಯೇ ಇರುತ್ತದೆ. ಮೂರು ದಿನ ಬಿಡದೆ ಏರಿದ್ದರೆ ಅಂಡೋತ್ಪತ್ತಿ ಆಗಿಹೋಯಿತೆಂದು ತಿಳಿಯಬಹುದು. ಜ್ವರ, ನಿದ್ದೆಗೇಡು, ಪ್ರಯಾಣ ಇವು ಈ ಲೆಕ್ಕವನ್ನು ಕೆಡಿಸುತ್ತವೆ.

ಇವೆರಡರ ಭೇದವನ್ನು ಮನಸ್ಸಿನಲ್ಲಿಡಬೇಕು. ಲೋಳೆಯು ಮುಂದೆ ಬರುವುದನ್ನು ಹೇಳುತ್ತದೆ. ಉಷ್ಣಮಾನವು ಕಳೆದುದನ್ನು ಹೇಳುತ್ತದೆ. ಉಷ್ಣ ಏರಿದ ಮೇಲೆ ದಂಪತಿಗಳು ಕೂಡಿದರೆ, ತೇರು ಹೋದ ಮೇಲೆ ಬೀದಿಗೆ ಬಂದಂತೆ. ಆದರೂ ಎರಡು ಮೂರು ತಿಂಗಳು ಬರೆದಿಟ್ಟರೆ ತನ್ನ ಅಂಡೋತ್ಪತ್ತಿ ಸಾಮಾನ್ಯವಾಗಿ ಎಂದು ಆಗುತ್ತದೆ, ಆಗುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದು. ಔಷಧದ ಅಂಗಡಿಗಳಲ್ಲಿ ದೊರೆಯುವ ಮೂತ್ರಪರೀಕ್ಷೆಯ ಪಟ್ಟಿಗಳು ಒಂದೂವರೆ ದಿನದೊಳಗೆ ಅಂಡೋತ್ಪತ್ತಿಯಾಗುವ ಸೂಚನೆಯನ್ನು ಕೊಡುತ್ತವೆ. ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆಯಿರುವವರಿಗೆ ಮಾತ್ರ ಅವು ಹುಸಿ ಸೂಚನೆ ಕೊಡುವುದುಂಟು.

ಆಚರಣೆಯು ಸರಳ. ಒಂದು ನೋಟ್‌ಪುಸ್ತಕದಲ್ಲಿ ಮುಟ್ಟಿನ ಮೊದಲ ದಿನವನ್ನು 1 ಎಂದು ಬರೆದು, ದಿನದಿನದ ಲಕ್ಷಣವನ್ನು ಒಂದೆರಡು ಮಾತಿನಲ್ಲಿ ಗುರುತಿಸುತ್ತ ಹೋಗಬೇಕು. ಜಾರುವ ಲೋಳೆ ಆರಂಭವಾದಂದಿನಿಂದ ಅದು ನಿಲ್ಲುವವರೆಗೆ ದಿನ ಬಿಟ್ಟು ದಿನವಾದರೂ ಕೂಡುವುದು ಸಾಕು. ಬರೆಯುವುದೇ ಚಿಂತೆಯಾಗಿ, ದಾಂಪತ್ಯವು ಪರೀಕ್ಷೆಯ ಕೊಠಡಿಯಂತಾದರೆ, ಪುಸ್ತಕವನ್ನು ಮುಚ್ಚಿಟ್ಟು ತಿಂಗಳುದ್ದಕ್ಕೂ ಎರಡು ಮೂರು ದಿನಗಳಿಗೊಮ್ಮೆ ಕೂಡಿದರೂ ಫಲಕಾಲವು ತಪ್ಪಿಹೋಗದು.

ಈಚೆಗೆ ವಾಚಕರೊಬ್ಬರು ನಮಗೆ ಬರೆದ ಕಾಗದದ ಸಾರಾಂಶವನ್ನು ಇಲ್ಲಿ ಹೇಳುವುದು ಉಚಿತ. ಮಗನ ಮದುವೆಯಾಗಿ ಎರಡು ವರ್ಷವಾಯಿತು. ಮಗನು ದೂರದ ನಗರದಲ್ಲಿ ಉದ್ಯೋಗದಲ್ಲಿದ್ದು ತಿಂಗಳಿಗೊಮ್ಮೆ ಎರಡು ದಿನದ ರಜೆಯಲ್ಲಿ ಬಂದುಹೋಗುತ್ತಾನೆ. ಸೊಸೆಯು ಊರಿನಲ್ಲಿದ್ದಾಳೆ. ಹರಕೆಗಳೂ ನಾಗಪ್ರತಿಷ್ಠೆಯೂ ಆದುವು. ಈಗ ಬಂಧುಗಳು ಅವಳನ್ನು ತವರಿಗೆ ಕಳುಹಿಸಿಬಿಡುವ ಮಾತನ್ನೆತ್ತಿದ್ದಾರೆ. ಏನು ಮಾಡಬೇಕೆಂಬುದು ಪ್ರಶ್ನೆ.

ನಮ್ಮ ಉತ್ತರವಿಷ್ಟು. ಎರಡು ವರ್ಷವೆಂದರೆ 24 ತಿಂಗಳು. ಮೊದಲ ಆಷಾಢದಲ್ಲಿ ಅವಳು ತವರಿನಲ್ಲಿದ್ದಳೆಂದು ಒಂದನ್ನು ಕಳೆಯಿರಿ. ಉಳಿದವುಗಳಲ್ಲಿ ಎಷ್ಟು ಸಲ ಮಗನ ರಜೆಯು ಸೊಸೆಯ 6 ದಿನಗಳೊಡನೆ ಕೂಡಿಬಂದಿತು? ರಜೆಯನ್ನು ಕೊಟ್ಟವನು ಕಾರ್ಖಾನೆಯ ಅಧಿಕಾರಿ. ಅವನು ಹದವನ್ನು ಕೇಳಿ ಕೊಡಲಿಲ್ಲ. ಮೂರೋ ನಾಲ್ಕೋ ತಿಂಗಳ ಅವಕಾಶವು ಎರಡು ವರ್ಷವೆಂಬ ಹೆಸರಿನಿಂದ ಒಬ್ಬಳ ತಲೆಯ ಮೇಲೆ ಬಂದಿದೆ. ಮೊದಲು ದಂಪತಿಗಳನ್ನು ಒಂದೆಡೆ ಇರಗೊಡಿಸಿ. ಆಗದಿದ್ದರೆ ಸೊಸೆಯು ತಿಳಿಸಿದ ದಿನಗಳಿಗೆ ಮಗನು ರಜೆಯನ್ನು ಬೇಡಲಿ. ಎರಡು ವರ್ಷವೇ ಕಳೆದಿರುವುದರಿಂದ ಇಬ್ಬರೂ ವೈದ್ಯರನ್ನು ಕಾಣುವುದನ್ನೂ ಮುಂದಕ್ಕೆ ಹಾಕಬಾರದು.

ಇಬ್ಬರೂ ಎಂಬುದನ್ನು ನಾವು ಒತ್ತಿ ಹೇಳುತ್ತೇವೆ. ಸುಶ್ರುತನು ನಾಲ್ಕು ಕಾರಣಗಳನ್ನು ಎಣಿಸಿರಲು, ನಮ್ಮ ಮನೆಗಳಲ್ಲಿ ಕ್ಷೇತ್ರವೊಂದನ್ನೇ ಹಿಡಿದು ದೂರುವುದು ಯಾವ ನ್ಯಾಯ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಡೆಯ ಕಾರಣವು ಒಂಟಿಯಾಗಿಯೋ ಸ್ತ್ರೀಯ ಕಾರಣದೊಡನೆ ಸೇರಿಯೋ ಇರುತ್ತದೆ. ವೀರ್ಯಪರೀಕ್ಷೆಯು ನೋವಿಲ್ಲದುದು, ಅಲ್ಪ ವೆಚ್ಚದ್ದು. ಸ್ತ್ರೀಗೆ ಮಾಡುವ ಪರೀಕ್ಷೆಗಳಾದರೋ ಅನೇಕ, ಕೆಲವು ಕಷ್ಟಕರ. ಹೀಗಿರಲು ಗಂಡನು ಮೊದಲು ಪರೀಕ್ಷೆಗೆ ನಿಲ್ಲುವುದೇ ಪುರುಷಧರ್ಮ. ವೀರ್ಯಾಣುವು ಬೆಳೆದು ಸಿದ್ಧವಾಗಲು ಎರಡೂವರೆ ತಿಂಗಳಷ್ಟು ಬೇಕು. ಆದ್ದರಿಂದ ಹೊಗೆಸೊಪ್ಪನ್ನೂ ಬೀಡಿ ಸಿಗರೇಟುಗಳನ್ನೂ ಮದ್ಯವನ್ನೂ ಇಂದು ಬಿಟ್ಟರೆ ಅದರ ಫಲವು ಮೂರು ತಿಂಗಳ ಮೇಲೆ ಕಂಡೀತು. ಸಮರಾತ್ರಿಯಲ್ಲಿ ಗಂಡು, ವಿಷಮರಾತ್ರಿಯಲ್ಲಿ ಹೆಣ್ಣು ಎಂಬ ಎಣಿಕೆಯನ್ನೂ ಈ ಸಂದರ್ಭದಲ್ಲಿ ಕೈಬಿಡತಕ್ಕದ್ದು. ಶಿಶುವು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುವ ವರ್ಣತಂತುವಿನಿಂದ ನಿರ್ಣಯವಾಗುವುದೇ ಹೊರತು ರಾತ್ರಿಯ ಸಂಖ್ಯೆಯಿಂದಲ್ಲ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ದೂರುವವರು ಇದನ್ನು ಎರಡು ಸಲ ಓದಬೇಕು.

ಲಕ್ಷಣಗಳನ್ನು ನೋಡುವುದು ಚಿಕಿತ್ಸೆಯಲ್ಲ. ಅದು ಕಾಲವು ವ್ಯರ್ಥವಾಗುವುದನ್ನು ತಪ್ಪಿಸುತ್ತದೆ. ಮುಚ್ಚಿಹೋದ ಗರ್ಭನಾಳವನ್ನು ತೆರೆಯಲಾರದು. ನಮ್ಮ ದೇಶದಲ್ಲಿ ಜನನಾಂಗಗಳ ಕ್ಷಯವು ಸದ್ದಿಲ್ಲದೆ ಆ ನಾಳಗಳನ್ನು ಕೆಡಿಸುವುದುಂಟು. ಆದ್ದರಿಂದ ಕೂಡಿ ಬಾಳಿ ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಸ್ತ್ರೀಗೆ 35 ದಾಟಿದ್ದರೆ ಆರು ತಿಂಗಳಿಗೇ, ಮುಟ್ಟು ಕ್ರಮತಪ್ಪಿದ್ದರೆ ಅಥವಾ ಹಿಂದೆ ಕ್ಷಯವಾಗಿದ್ದರೆ ತಡಮಾಡದೆ, ವೈದ್ಯರಲ್ಲಿಗೆ ಹೋಗಬೇಕು. ಗರ್ಭವನ್ನು ಬಯಸುವ ಸ್ತ್ರೀಯು ಒಂದು ತಿಂಗಳು ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ತೆಗೆದುಕೊಂಡರೆ ಶಿಶುವಿನ ಬೆನ್ನುಹುರಿಯ ದೋಷಗಳ ಭಯವು ಬಹಳ ಕಡಮೆಯಾಗುವುದು. ಬರೆದಿಟ್ಟ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ ಅವರ ಕೆಲಸವು ಅರ್ಧ ಹಗುರವಾದೀತು.

ಕೊನೆಯದಾಗಿ ಅತ್ತೆಮಾವಂದಿರಲ್ಲಿ ಒಂದು ವಿಜ್ಞಾಪನೆ. ಆ ಪುಸ್ತಕವು ಗಂಡಹೆಂಡಿರಿಬ್ಬರದು. ಅದನ್ನು ಕೇಳಬೇಡಿರಿ, ತಿಂಗಳು ತಿಂಗಳೂ 'ಏನಾಯಿತು' ಎಂದು ವಿಚಾರಿಸಬೇಡಿರಿ. ಬಿತ್ತಿದವನು ದಿನವೂ ಮಣ್ಣನ್ನು ಕೆದಕಿ ನೋಡಿದರೆ ಮೊಳೆಯುವ ಕಾಳೂ ಮೊಳೆಯದು. ಮನೆಯಲ್ಲಿ ಅವರಿಬ್ಬರಿಗೆ ಕದವಿರುವ ಒಂದು ಕೋಣೆಯನ್ನೂ, ಎಲ್ಲರಿಂದ ಒಂದು ಒಳ್ಳೆಯ ಮಾತನ್ನೂ ಒದಗಿಸಿದರೆ ಹಿರಿಯರ ಕರ್ತವ್ಯವು ಸಂದಂತೆಯೇ ಸರಿ.